ಎಡಗೈಯ ಸ್ವರವನ್ನು ಹಾಡಿಸಿದ ದಿನ

ತುಮಕೂರು, 12 ಜುಲೈ 2025, ಶನಿವಾರ

ಪಿಯಾನೋ ಕಲಿಯುವ ಮಕ್ಕಳು ಬಲಗೈಯ ರಾಗವನ್ನು ಯಾರೂ ಹೇಳದಿದ್ದರೂ ಗುನುಗಿಕೊಳ್ಳುತ್ತಾರೆ. ಎಡಗೈ ನುಡಿಸುವುದನ್ನು ಮಾತ್ರ ಅವರ ಕಿವಿ ಕೇಳಿಸಿಕೊಳ್ಳುವುದೇ ಇಲ್ಲ; ಅದು ಬೆರಳಿಗೆ ಬಂದರೆ ಸಾಕು ಎಂದು ಬಿಟ್ಟುಬಿಡುತ್ತಾರೆ. ಆದ್ದರಿಂದ ಪಾಠದಲ್ಲಿ ಹಾಡಿಸುವುದಿದ್ದರೆ ಎಡಗೈಯನ್ನೇ ಮೊದಲು ಹಾಡಿಸಬೇಕು ಎಂಬುದು ಈಚೆಗೆ ನನ್ನಲ್ಲಿ ಗಟ್ಟಿಯಾಗುತ್ತಿರುವ ಅಭಿಪ್ರಾಯ.

ಇಂದು ಎಸ್.ಎಸ್. ಪುರಂನ ಮನೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗಿಗೆ ಜಿ ಮೇಜರ್ ಮಿನ್ಯುಯೆಟ್ ಎಂಬ ಪುಟ್ಟ ನೃತ್ಯರಚನೆ ಆರಂಭಿಸಿದೆ. ಜರ್ಮನಿಯ ಸಂಗೀತಕಾರ ಜೆ.ಎಸ್. ಬಾಖ್ ಅವರ ಕುಟುಂಬದಲ್ಲಿ ಪತ್ನಿ ಆನ್ನಾ ಮಗ್ದಲೇನಾಗಾಗಿ 1725ರಲ್ಲಿ ತೊಡಗಿದ ಸಂಗೀತದ ಪುಸ್ತಕದಲ್ಲಿರುವ ಈ ರಚನೆ ಬಹುಕಾಲ ಬಾಖ್ ಅವರದೆಂದೇ ಪ್ರಸಿದ್ಧವಾಗಿತ್ತು. ಅದು ಅದೇ ಕಾಲದ ಸಂಗೀತಕಾರ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರದೆಂದು ತಿಳಿದುಬಂದ ಮೇಲೂ ಅನೇಕ ಪುಸ್ತಕಗಳು ಹಳೆಯ ಹೆಸರನ್ನೇ ಅಚ್ಚು ಹಾಕುತ್ತಿವೆ. ಪಿಯಾನೋ ಮುಚ್ಚಿಟ್ಟು, ಜಿ ಮನೆಯನ್ನು (ಕೀಲಿಯನ್ನು) ಷಡ್ಜವೆಂದು ಇಟ್ಟುಕೊಂಡು, ಎಡಗೈಯ ಕೆಳಗಿನ ಸ್ವರಗಳನ್ನಷ್ಟೇ ಓದಿ ಹಾಡು ಎಂದೆ. ಮೊದಲ ಬಾರಿನಲ್ಲಿ, ಅಂದರೆ ಮೂರೆಣಿಕೆಯ ಮೊದಲ ಭಾಗದಲ್ಲಿ, ಸ ಮತ್ತು ರಿ, ಮುಂದೆ ಒಂದೊಂದು ಬಾರಿಗೆ ಒಂದೊಂದರಂತೆ ಗ, ಮ, ಗ, ರಿ, ಸ. “ಮಿಸ್, ಇದು ಸರಳೆವರಸೆ ಥರಾನೇ ಇದೆಯಲ್ಲ!” ಎಂದಳು. ಅವಳು ಮೂರು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋದವಳು.

ತೊಡಕು ಕಂಡದ್ದೂ ಅಲ್ಲಿಯೇ. ಅವಳು ಹಾಡಿದ ಸ, ಗ, ಮ ಸರಿಯಾಗಿದ್ದವು. ರಿ ಮಾತ್ರ ಪ್ರತಿಸಲವೂ ಅರ್ಧ ಸ್ವರ ಕೆಳಗೆ ಬೀಳುತ್ತಿತ್ತು. ಇದನ್ನು ಕಿವಿ ಮಂದವೆಂದು ತಿಳಿಯುವುದು ಅನ್ಯಾಯ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಅಭ್ಯಾಸಕ್ರಮದಂತೆ ನಮ್ಮ ಮಕ್ಕಳು ಸರಳೆವರಸೆಯನ್ನು ಹದಿನೈದನೆಯ ಮೇಳ (ಮೂಲ ಸ್ವರಶ್ರೇಣಿ) ಆದ ಮಾಯಾಮಾಳವಗೌಳದಲ್ಲಿ ಕಲಿಯುತ್ತಾರೆ, ಅದರಲ್ಲಿ ಇರುವುದು ಶುದ್ಧ ರಿಷಭ. ಪಾಶ್ಚಾತ್ಯ ಮೇಜರ್ ಸ್ಕೇಲಿಗೆ ಹೊಂದುವ ಇಪ್ಪತ್ತೊಂಬತ್ತನೆಯ ಮೇಳ ಧೀರಶಂಕರಾಭರಣದಲ್ಲಿ ಇರುವುದು ಅದಕ್ಕಿಂತ ಅರ್ಧ ಸ್ವರ ಮೇಲಿನ ಚತುಶ್ರುತಿ ರಿಷಭ. ಅಂತರ ಗಾಂಧಾರ, ಶುದ್ಧ ಮಧ್ಯಮಗಳು ಎರಡಕ್ಕೂ ಸಮಾನವಾದುದರಿಂದ ಅವು ತಾವಾಗಿಯೇ ಸರಿಯಾಗಿ ಬಂದವು. ಅಂದರೆ ಆ ಹುಡುಗಿ ತನ್ನ ಗುರುಗಳು ಕಲಿಸಿದ್ದನ್ನು ಚೊಕ್ಕವಾಗಿಯೇ ಹಾಡುತ್ತಿದ್ದಳು. ಪಿಯಾನೋದಲ್ಲಿ ಜಿ ಪಕ್ಕದ ಕಪ್ಪು ಮನೆಯನ್ನೂ ಅದರಾಚೆಯ ಬಿಳಿ ಮನೆ ಎ ಅನ್ನೂ ಒಂದಾದ ಮೇಲೊಂದರಂತೆ ಒತ್ತಿ, ಪ್ರತಿಯೊಂದನ್ನೂ ಷಡ್ಜದಿಂದ ಹೊರಟು ಹಾಡಿಸಿ, ಯಾವುದು ಯಾವ ಮೇಳದ್ದೆಂದು ಅವಳಿಂದಲೇ ಹೇಳಿಸಿದೆ. ಆಮೇಲೆ ಅವಳು ತಪ್ಪಲಿಲ್ಲ. ನಿಜವಾದ ಸ್ವರಜ್ಞಾನದ ಪಾಠ ಇಂದು ನಡೆದದ್ದು ಆ ಎರಡು ಮನೆಗಳ ನಡುವೆ.

ಅವಳ ಮಧ್ಯಮಕ್ಕೆ ಗಮಕವೂ ಅಂಟಿಕೊಂಡಿತ್ತು. ಪಿಯಾನೋದಲ್ಲಿ ಸ್ವರವನ್ನು ತೂಗುವಂತಿಲ್ಲ, ಆದರೂ ಹಾಡುವಾಗ ತಡೆಯಲಿಲ್ಲ. ಮೂರನೆಯ ಬಾರಿನಲ್ಲಿ ಎಡಗೈ ಮಧ್ಯಮವನ್ನು ಮೂರೆಣಿಕೆ ಹಿಡಿದಿರುವಾಗ ಬಲಗೈ ಧೈವತದಿಂದ ಹೊರಟು ಮ, ಪ, ದ, ನಿ ಎಂದು ಹತ್ತುತ್ತದೆ. ಕೆಳಗಿನ ಸ್ವರ ಅಲ್ಲಾಡಿದರೆ ಮೇಲಿನ ನಡಿಗೆಗೆ ನೆಲೆಯೇ ಇರುವುದಿಲ್ಲ. ನಾನು ಬಲಗೈ ನುಡಿಸಿ ಅವಳಿಂದ ಮಧ್ಯಮವನ್ನು ಒಮ್ಮೆ ತೂಗಿಸಿ, ಒಮ್ಮೆ ನೇರವಾಗಿ ಹಿಡಿಸಿದಾಗ ಅವಳೇ ಎರಡನೆಯದನ್ನು ಆರಿಸಿಕೊಂಡಳು.

ಅವಳ ತಂದೆ ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. ಊರಿನ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡಿದವರು, ಹಾರ್ಮೋನಿಯಂ ಮೇಷ್ಟ್ರ ಎದುರು ಕುಳಿತು ಕಂದಪದ್ಯ ಬಾಯಿಪಾಠ ಮಾಡಿದವರು. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಇಂಥವರು ಸಿಗುವುದು ಅಪರೂಪವೇನಲ್ಲ. “ಮೇಡಂ, ಇದು ಬಿಳಿ ಐದರ ಶ್ರುತಿ ತಾನೇ?” ಎಂದು ಜಿ ಮನೆಯನ್ನು ಹಾರ್ಮೋನಿಯಂ ಭಾಷೆಯಲ್ಲಿ ಹೆಸರಿಸಿ ಕೇಳಿದವರೇ ಎಡಗೈಯ ಭಾಗಕ್ಕೆ ದನಿ ಕೂಡಿಸಿದರು. ಅದು ಬರೆದಿರುವ ಸ್ಥಾಯಿ ಗಂಡಸರ ಕಂಠಕ್ಕೆ ಸಲೀಸು. ಹುಡುಗಿ ಒಂದು ಸ್ಥಾಯಿ ಮೇಲೆ ಹಾಡಬೇಕಾಗಿತ್ತು. ಹೀಗೆ ತಂದೆ ಹಾಡಿ ಮಗಳು ಬಲಗೈ ನುಡಿಸಿದಾಗ, ತನ್ನ ರಾಗದ ಕೆಳಗೆ ಇನ್ನೊಬ್ಬರು ನಡೆಯುತ್ತಿದ್ದಾರೆಂಬುದು ಅವಳಿಗೆ ಮೊದಲ ಬಾರಿ ಕೇಳಿಸಿತೆಂದು ಕಾಣುತ್ತದೆ, ಏಕೆಂದರೆ ಅಲ್ಲಿಂದ ಅವಳ ಲಯ ಓಡುವುದು ನಿಂತಿತು.

ಹಂಗೇರಿಯ ಸಂಗೀತಕಾರ, ಶಿಕ್ಷಣತಜ್ಞ ಜೋಲ್ಟಾನ್ ಕೊಡಾಯ್ (1882–1967) ವಾದ್ಯಕ್ಕೆ ಮೊದಲು ಕಂಠವೆಂದು ಪಟ್ಟು ಹಿಡಿದವರು, ಮತ್ತು ಅವರ ಅನುಯಾಯಿಗಳು ಮೊದಲ ಸ್ವರಕ್ಕೆ ಬಳಸುವ ‘ದೋ’ ನಮ್ಮ ಷಡ್ಜದಂತೆಯೇ ಸ್ಕೇಲಿನೊಂದಿಗೆ ಸ್ಥಳ ಬದಲಿಸುತ್ತದೆ. ಆ ಅನುಕೂಲ ನಮ್ಮ ಮಕ್ಕಳಿಗೆ ಮನೆಯಲ್ಲಿಯೇ ಸಿಕ್ಕಿರುತ್ತದೆ. ಹಾಗಿದ್ದೂ ಅನೇಕ ಪೋಷಕರು ಹಾಡುವುದನ್ನು ಪರೀಕ್ಷೆಯ ಕಡೆಯ ವಾರದ ಕೆಲಸವೆಂದು ಭಾವಿಸುತ್ತಾರೆ. ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಗೀತ ಪರೀಕ್ಷಾ ಮಂಡಳಿಯ ಮುಖಾಮುಖಿ ಪರೀಕ್ಷೆಯ 150 ಅಂಕಗಳಲ್ಲಿ ಶ್ರವಣ ಪರೀಕ್ಷೆಗೆ 18 ಅಂಕಗಳಿವೆ; ಒಂದನೆಯ ಗ್ರೇಡಿನಲ್ಲಿ ಪರೀಕ್ಷಕರು ನುಡಿಸಿದ ಸಣ್ಣ ಸಾಲನ್ನು ಮಗು ಹಾಡಿ ಒಪ್ಪಿಸಬೇಕು. ಆ ಹದಿನೆಂಟಕ್ಕಾಗಿ ಅಲ್ಲ, ಉಳಿದ ಅಂಕಗಳಿಗಾಗಿಯೇ ಹಾಡಬೇಕು ಎಂದು ಹೇಳಿ ನನಗೆ ಸಾಕಾಗಿದೆ.

ಏಳನೆಯ ಬಾರು ಇನ್ನೂ ಕೂಡಿಬಂದಿಲ್ಲ. ಅಲ್ಲಿ ಎಡಗೈ ಪ, ಗ, ಸ ಎಂದು ಜಿಗಿದು ಇಳಿಯುವಾಗ ಬಲಗೈ ನಿ, ಸ, ರಿ, ಗ, ಸ ಎಂದು ಬೇರೆ ದಾರಿ ಹಿಡಿಯುತ್ತದೆ, ಹುಡುಗಿಯ ದನಿ ಬಲಗೈಯ ಹಿಂದೆ ಹೋಗಿಬಿಡುತ್ತದೆ. ಮುಂದಿನ ಶನಿವಾರದೊಳಗೆ ಎಡಗೈಯನ್ನು ಹಾಡುತ್ತ ಬಲಗೈಯನ್ನು ನುಡಿಸಲು, ಬಳಿಕ ಬಲಗೈಯನ್ನು ಹಾಡುತ್ತ ಎಡಗೈಯನ್ನು ನುಡಿಸಲು ಅವಳ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ. ಎರಡೂ ಕೈ ಒಟ್ಟಿಗೆ ನುಡಿಸುವುದನ್ನು ಅಲ್ಲಿಯವರೆಗೆ ಬೇಡವೆಂದು ತಂದೆಗೂ ಹೇಳಿಬಂದೆ.