ಓ, ಆಕ್ಸಿಡೆಂಟಾ?

ಅಕ್ಟೋಬರ್ 21ರ ಬೆಳಿಗ್ಗೆ ಕಾರವಾರದ ಪೊಲೀಸ್ ಕವಾಯತು ಮೈದಾನಕ್ಕೆ ಹೋಗಿದ್ದೆ, ಪೊಲೀಸ್ ಹುತಾತ್ಮರ ದಿನಾಚರಣೆಗೆ. ಪಕ್ಕದ ಮನೆಯ ಅಕ್ಕನ ಯಜಮಾನರು ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಡ್ಯೂಟಿಯಲ್ಲಿರುವಾಗಲೇ ತೀರಿಕೊಂಡರು. ಅಕ್ಕ ಪ್ರತಿ ವರ್ಷ ತಪ್ಪದೆ ಹೋಗುತ್ತಾರೆ, ಮಗಳ ಜೊತೆ. ಈ ಸಲ ಮಗಳಿಗೆ ಬೆಂಗಳೂರಿನಿಂದ ಬರಲು ಆಗಲಿಲ್ಲ. "ಅಕ್ಕೋರೆ, ನೀವು ಬರ್ತೀರಾ?" ಅಂತ ಕೇಳಿದರು. ಶಾಲೆಗೆ ಅರ್ಧ ದಿನ ರಜೆ ಹಾಕಿ ಹೊರಟೆ.

ಕಾರ್ಯಕ್ರಮ ಶುರುವಾಗುವ ಮೊದಲಿನ ಮಾತಿದು. ಶಾಮಿಯಾನದ ಕೆಳಗೆ ಕೂತಿದ್ದೆವು. ಅಕ್ಕನ ಆಚೆ ಬದಿಗೆ ಊರಿನ ಹಿರಿಯರೊಬ್ಬರು ಬಂದು ಕೂತರು. ಆಮಂತ್ರಿತರು, ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದರು. ಅವರೇ ಮಾತಾಡಿಸಿದರು.

"ನಿಮ್ಮ ಯಜಮಾನ್ರು ಪೊಲೀಸಲ್ಲಿದ್ರಾ?"

"ಹೌದು. ಹೆಡ್ ಕಾನ್‌ಸ್ಟೆಬಲ್. ಡ್ಯೂಟಿ ಮೇಲೇ ಹೋದ್ರು."

"ಅಯ್ಯೋ ಪಾಪ. ಎಲ್ಲಿ, ನಕ್ಸಲ್ ಕಡೆಯಾ?"

"ಅಲ್ಲ. ಇಲ್ಲೇ, ಹೈವೇಲಿ. ಲಾರಿ ಬಡೀತು."

"ಓ, ಆಕ್ಸಿಡೆಂಟಾ."

ಅಷ್ಟೇ. ಅಷ್ಟರಲ್ಲಿ ಜೀಪುಗಳು ಬಂದವು, ಎಲ್ಲರೂ ಎದ್ದು ನಿಂತೆವು. ಮಾತು ಅಲ್ಲಿಗೇ ನಿಂತಿತು. ಆದರೆ ಆ "ಓ" ಇದೆಯಲ್ಲ, ಅದು ಈ ವಾರ ಪೂರ್ತಿ ನನ್ನ ಕಿವಿಯಲ್ಲಿದೆ. "ಅಯ್ಯೋ ಪಾಪ" ಅನ್ನುವಾಗ ಅವರ ಮೈಯೆಲ್ಲ ಅಕ್ಕನ ಕಡೆ ತಿರುಗಿತ್ತು. "ಆಕ್ಸಿಡೆಂಟಾ" ಅನ್ನುವ ಹೊತ್ತಿಗೆ ಕುರ್ಚಿಗೆ ಒರಗಿ ಕೂತಿದ್ದರು. ಅಕ್ಕ "ಹೂಂ" ಅಂದು ಸೆರಗು ಸರಿಮಾಡಿಕೊಂಡರು.

ಅವರು ಕೆಟ್ಟವರಲ್ಲ. ರಕ್ತದಾನ ಶಿಬಿರ ಅಂದರೆ ಮೊದಲು ಬಂದು ನಿಲ್ಲುವವರು. ನಮ್ಮ ಶಾಲೆಯ ಮಕ್ಕಳಿಗೂ ನೋಟ್‌ಬುಕ್ ಕೊಡಿಸಿದ್ದಾರೆ. ಅದಕ್ಕೇ ನನಗೆ ಜಾಸ್ತಿ ನೋವಾದದ್ದು. ಒಳ್ಳೆಯ ಮನುಷ್ಯನ ಮನಸ್ಸಿನಲ್ಲೂ ಪೊಲೀಸರ ಸಾವಿಗೆ ಮೇಲು ಕೆಳಗು ಇದೆ. ಗುಂಡು ತಗುಲಿ ಸತ್ತರೆ ಒಂದು, ಲಾರಿ ಬಡಿದು ಸತ್ತರೆ ಇನ್ನೊಂದು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ದೇಶದಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಪೊಲೀಸರ ಹೆಸರುಗಳನ್ನು ಈ ದಿನ ಓದುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ಹೆಸರುಗಳು ಸಾಗಿದವು. ಓದುವವರ ನಾಲಿಗೆಗೆ ಸುಲಭವಾಗಿ ಹೊರಳದ ಹೆಸರುಗಳೂ ಇದ್ದವು. ಅವರು ಅವಸರ ಮಾಡಲಿಲ್ಲ, ತಡವರಿಸಿದಲ್ಲಿ ನಿಂತು ಮತ್ತೆ ಸರಿಯಾಗಿ ಓದಿದರು. ಆ ಅಧಿಕಾರಿಯ ಮೇಲೆ ನನಗೆ ತುಂಬ ಗೌರವ ಬಂತು. ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್ಐ. ದೊಡ್ಡ ಹುದ್ದೆಯ ಹೆಸರು ಎಲ್ಲೋ ಒಂದೊಂದು.

ಆಮೇಲೆ ಶೋಕ ಶಸ್ತ್ರ. ಬಂದೂಕನ್ನು ತಲೆಕೆಳಗು ಮಾಡಿ, ನಳಿಗೆಯ ತುದಿಯನ್ನು ಬೂಟಿನ ಮೇಲಿಟ್ಟು, ಹಿಡಿಯ ಮೇಲೆ ಎರಡೂ ಕೈ ಇಟ್ಟು ತಲೆ ತಗ್ಗಿಸುತ್ತಾರೆ. ನಮ್ಮ ಎದುರಿಗಿದ್ದ ಹುಡುಗನಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಮಳೆಗಾಲ ಮುಗಿದ ಮೇಲಿನ ನಮ್ಮೂರಿನ ಬಿಸಿಲು ಗೊತ್ತಲ್ಲ. ಟೋಪಿಯ ಪಟ್ಟಿಯ ಕೆಳಗಿಂದ ಬೆವರು ಇಳಿದು ಮೂಗಿನ ತುದಿಗೆ ಬಂದು ನಿಂತಿತ್ತು. ಕೈ ಅಲುಗಿಸಲಿಲ್ಲ. ಗಾಳಿಯಲ್ಲಿ ಮೂರು ಸಲ ಗುಂಡು ಹಾರಿಸಿದರು. ಪ್ರತಿ ಸಲವೂ ಅಕ್ಕನ ಭುಜ ಬೆಚ್ಚಿತು. ಪ್ರತಿ ವರ್ಷ ಬರುವವರು, ಆದರೂ.

ಅಕ್ಕನ ಯಜಮಾನರ ಹೆಸರು ಈ ಸಲ ಓದಲಿಲ್ಲ. ಓದುವುದೂ ಇಲ್ಲ. ಅವರು ತೀರಿಕೊಂಡ ವರ್ಷದ ಪಟ್ಟಿಯಲ್ಲಿತ್ತು, ಆ ವರ್ಷ ಮೈಕಿನಲ್ಲಿ ಒಮ್ಮೆ ಕೇಳಿತು, ಮುಗಿಯಿತು. ಅಂದರೆ ಸರ್ಕಾರದ ಪಟ್ಟಿ ಭೇದ ಮಾಡುವುದಿಲ್ಲ. ಗುಂಡೇಟು, ಅಪಘಾತ, ಎಲ್ಲವೂ ಕರ್ತವ್ಯದ ಸಾವೇ. ಕೋವಿಡ್ ಕಾಲದಲ್ಲಿ ಡ್ಯೂಟಿ ಮಾಡಿ ಸೋಂಕು ತಗುಲಿ ಸತ್ತವರ ಹೆಸರೂ ಆ ಪಟ್ಟಿಗಳಲ್ಲಿ ಸೇರಿದೆ. ಭೇದ ಮಾಡುವವರು ನಾವು, ಶಾಮಿಯಾನದ ಕೆಳಗೆ ಕೂತವರು.

ಈ ದಿನ ಬಂದದ್ದಾದರೂ ಹೇಗೆ? 1959ರಲ್ಲಿ ಟಿಬೆಟ್ ಕಡೆಯ ಗಡಿ ಕಾಯುತ್ತಿದ್ದದ್ದು ಪೊಲೀಸರೇ. ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಅನ್ನುವ ಜಾಗದಿಂದ ಅಕ್ಟೋಬರ್ 20ರಂದು ಮೂರು ತಂಡ ಗಸ್ತಿಗೆ ಹೋದವು. ಎರಡು ವಾಪಸ್ ಬಂದವು. ಮೂರನೆಯದರಲ್ಲಿದ್ದ ಇಬ್ಬರು ಕಾನ್‌ಸ್ಟೆಬಲ್ ಮತ್ತು ಒಬ್ಬ ಹಮಾಲಿ ಬರಲಿಲ್ಲ. ಮಾರನೇ ದಿನ ಕರಮ್ ಸಿಂಗ್ ಅನ್ನುವ ಅಧಿಕಾರಿಯ ಜೊತೆ ಉಳಿದವರೆಲ್ಲ ಅವರನ್ನು ಹುಡುಕಲು ಹೊರಟರು. ಗುಡ್ಡದ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಅವರ ದೇಹಗಳನ್ನು ಚೀನೀಯರು ಒಪ್ಪಿಸಿದ್ದು ನವೆಂಬರ್ 13ಕ್ಕೆ. ಈಗ ದೆಹಲಿಯ ಚಾಣಕ್ಯಪುರಿಯಲ್ಲಿ 30 ಅಡಿ ಎತ್ತರದ ಕಲ್ಲಿನ ಸ್ಮಾರಕ ಇದೆ. 2018ರಲ್ಲಿ ಉದ್ಘಾಟನೆ ಆಯಿತು. ಅಲ್ಲಿನ ಗೋಡೆಯ ಮೇಲೆ 34 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಈ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಒಂದೇ. ಆ ಹತ್ತು ಮಂದಿ ಯುದ್ಧಕ್ಕೆ ಹೊರಟವರಲ್ಲ. ಕಾಣೆಯಾದವರನ್ನು ಹುಡುಕಲು ಹೋದವರು. ಯಾವ ಠಾಣೆಯಲ್ಲಾದರೂ ದಿನಾ ನಡೆಯುವ ಕೆಲಸ ಅದು.

ಮುಂಬೈಯ ತುಕಾರಾಂ ಓಂಬಳೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಮನೆಗೊಬ್ಬರು ಮುಂಬೈಯಲ್ಲಿರುವುದರಿಂದ 2008ರ ನವೆಂಬರ್ 26ರ ರಾತ್ರಿ ಇಲ್ಲಿಯೂ ಯಾರೂ ಮಲಗಿರಲಿಲ್ಲ. ಓಂಬಳೆಯವರು ಗಿರಗಾಂವ್ ಚೌಪಾಟಿಯಲ್ಲಿ ನಾಕಾಬಂದಿಗೆ ನಿಂತಿದ್ದರು. ಕೈಯಲ್ಲಿ ಲಾಠಿ. ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡರು, ಗುಂಡು ಮೈಗೆ ಹೊಕ್ಕರೂ ಬಿಡಲಿಲ್ಲ. ಅವನು ಜೀವಂತ ಸಿಕ್ಕಿದ್ದು ಅದರಿಂದ. ಮರುವರ್ಷ ಅವರಿಗೆ ಅಶೋಕ ಚಕ್ರ ಬಂತು. ಅಂಥ ಎದೆ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಆ ರಾತ್ರಿ ಅವರಿಗೆ ವಹಿಸಿದ್ದ ಕೆಲಸ ಏನು? ರಸ್ತೆಗೆ ಬ್ಯಾರಿಕೇಡ್ ಹಾಕಿ ಬರುವ ಗಾಡಿ ನಿಲ್ಲಿಸುವುದು. ನಮ್ಮ ಅಕ್ಕನ ಯಜಮಾನರ ಕೆಲಸವೂ ಅದೇ ಆಗಿತ್ತು. ಬರುವ ಗಾಡಿಯಲ್ಲಿ ಯಾರಿದ್ದಾರೆ ಅಂತ ನಿಂತವರಿಗೆ ಮೊದಲೇ ಗೊತ್ತಿರುವುದಿಲ್ಲ. ಒಬ್ಬರ ಎದುರಿಗೆ ಬಂದೂಕು ಬಂತು, ಇನ್ನೊಬ್ಬರ ಎದುರಿಗೆ ನಿದ್ದೆಗಣ್ಣಿನ ಡ್ರೈವರ್ ಬಂದ. ಬರುವುದು ಏನೇ ಇರಲಿ, ರಸ್ತೆ ಮಧ್ಯೆ ನಿಲ್ಲಲು ಇಬ್ಬರೂ ಒಪ್ಪಿದ್ದರು.

ಇನ್ನು ನಮ್ಮ ಜಿಲ್ಲೆಯ ರಸ್ತೆ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ನಡುವೆ ಹೈವೇ. ಮೇಲೆ ಹತ್ತಿದರೆ ಅರಬೈಲ್ ಘಟ್ಟ, ದೇವಿಮನೆ ಘಟ್ಟ. ಮಳೆಗಾಲದಲ್ಲಿ ಇಲ್ಲಿ ರಾತ್ರಿ ಡ್ಯೂಟಿ ಅಂದರೆ ಏನು ಅಂತ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗ ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಗುಡ್ಡ ಇನ್ನೂ ಜಾರುತ್ತಿರುವಾಗಲೇ ಅದರ ಬುಡದಲ್ಲಿ ಪೊಲೀಸರು ನಿಂತು ಜನರನ್ನು ಹಿಂದೆ ಕಳಿಸುತ್ತಿದ್ದರು. ಅದೇ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲಾರಿಯೊಂದು ನದಿಗೆ ಹೋಯಿತು. ಡ್ರೈವರನ್ನು ಬದುಕಿಸಿದ್ದು ಪೊಲೀಸರೂ ಮೀನುಗಾರರೂ ಸೇರಿ. ಆಮೇಲೆ ಹೊಸ ಸೇತುವೆಯ ಮೇಲೂ ಗಾಡಿ ಬಿಡದೆ ಕತ್ತಲಲ್ಲಿ ಅಡ್ಡ ನಿಂತವರು ಯಾರು? ಅವರಲ್ಲಿ ಒಬ್ಬರಿಗೆ ಗಾಡಿ ಬಡಿದಿದ್ದರೆ ನಾವು "ಓ, ಆಕ್ಸಿಡೆಂಟಾ" ಅನ್ನುತ್ತಿದ್ದೆವಾ?

ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ತಾವಾಗಿಯೇ ಮಾತು ತೆಗೆದರು. ಆ ಹಿರಿಯರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಟಾರ್ಚಿನ ಬಗ್ಗೆ ಹೇಳಿದರು.

"ಟಾರ್ಚ್ ಇವ್ರೇ ಪೇಟೇಲಿ ತಗೊಂಡದ್ದು ಅಕ್ಕೋರೆ. ದೊಡ್ಡದು, ನಾಲ್ಕು ಸೆಲ್ಲಿಂದು. ಮಳೇಲಿ ದೂರದಿಂದ ಕಾಣ್ಬೇಕು ಅಂತ. ಹೊಡೆದ ಮೇಲೂ ಹೊತ್ತೇ ಇತ್ತಂತೆ. ಚರಂಡಿಯಿಂದ ಬೆಳಕು ಬರ್ತಿತ್ತು ಅಂತ ಜೊತೇಲಿದ್ದವ್ರು ಹೇಳಿದ್ರು."

ಟ್ಯಾಂಕರ್ ಒಂದು ಮಗುಚಿತ್ತು. ಹಿಂದಿನಿಂದ ಬರುವ ಗಾಡಿಗಳು ಅದಕ್ಕೆ ಬಂದು ಬಡಿಯದ ಹಾಗೆ ತಿರುವಿನಲ್ಲಿ ಅವರು ಟಾರ್ಚ್ ಬೀಸುತ್ತಾ ನಿಂತಿದ್ದರು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಸಂಜೆ ಅಕ್ಕನ ಜೊತೆ ಚಹಾ ಕುಡಿಯುವಾಗ ಎಷ್ಟೋ ಸಲ ಕೇಳಿದ್ದೇನೆ. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆ ಹುಡುಕಿದ್ದು, ಮಗಳ ಫೀಸಿಗೆ ಸ್ಟೇಷನ್ನಿನವರೆಲ್ಲ ಸೇರಿ ಹಣ ಹಾಕಿದ್ದು, ಎಲ್ಲ ಕೇಳಿದ್ದೇನೆ. ಲಾರಿ ಡ್ರೈವರನ ಮೇಲೆ ಅಕ್ಕನಿಗೆ ಸಿಟ್ಟಿಲ್ಲ. "ಅವ್ನೂ ಎಷ್ಟು ರಾತ್ರಿ ಮಲಗದೆ ಬಂದವ್ನೋ" ಅನ್ನುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು, 1948ರ ಯುದ್ಧದಲ್ಲಿ ಪರಮವೀರ ಚಕ್ರ ಪಡೆದವರು. ಅದೂ ಒಂದು ಬಗೆಯಲ್ಲಿ ರಸ್ತೆಯ ಕೆಲಸವೇ. ಟ್ಯಾಂಕುಗಳು ಮುಂದೆ ಹೋಗಲು ಶತ್ರುಗಳ ಗುಂಡಿನ ನಡುವೆ ದಾರಿ ಬಿಡಿಸಿಕೊಟ್ಟರು, ನೆಲದಲ್ಲಿ ಹುಗಿದ ಮೈನ್ ತೆಗೆದರು. ನಮ್ಮ ಮಕ್ಕಳಿಗೆ ಆ ಕತೆ ಬಾಯಿಪಾಠ, ಬರಲೇಬೇಕು. ಯಾಕೆ ನೆನಪಿದೆ ಅಂದರೆ ಅವರು ಏನು ಮಾಡುತ್ತಿದ್ದರು ಅಂತ ನಾವು ಹೇಳುತ್ತೇವೆ. ಬರೀ ಹೆಸರು ಹೇಳಿ ಮುಗಿಸುವುದಿಲ್ಲ. ಪೊಲೀಸರ ವಿಷಯದಲ್ಲಿ ಹೆಸರು ಮತ್ತು ಹುದ್ದೆ ಮಾತ್ರ ಕೇಳುತ್ತದೆ. ಕೇಳಿದವರು ಮಿಕ್ಕದ್ದನ್ನು ತಾವೇ ಊಹಿಸುತ್ತಾರೆ. ಗುಂಡು ಇದ್ದರೆ ದೊಡ್ಡದು, ಇಲ್ಲದಿದ್ದರೆ ಓ.

ದೇಶದ ಪಟ್ಟಿ ಉದ್ದ, ಅಲ್ಲಿ ಎಲ್ಲರ ಬಗ್ಗೆ ಹೇಳುತ್ತಾ ಹೋದರೆ ಮಧ್ಯಾಹ್ನವಾಗುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲೆಯವರು? ಹಿಂದಿನ ವರ್ಷಗಳಲ್ಲಿ ಹೋದವರನ್ನೂ ಸೇರಿಸಿ, ಒಬ್ಬೊಬ್ಬರ ಬಗ್ಗೆ ಎರಡು ಸಾಲು ಓದಬಹುದಲ್ವಾ? ಎಲ್ಲಿ ನಿಂತಿದ್ದರು, ಯಾರಿಗೋಸ್ಕರ ನಿಂತಿದ್ದರು ಅಂತ. ನಿನ್ನೆ ಅಕ್ಕನ ಹತ್ತಿರ ಈ ಮಾತು ಹೇಳಿದೆ. ಒಂದು ಮನವಿ ಬರೆದು ಎಸ್‌ಪಿ ಕಚೇರಿಗೆ ಕೊಡೋಣ, ಮಾದರಿಗೆ ಅಂತ ನಿಮ್ಮ ಯಜಮಾನರ ಬಗ್ಗೆ ನಾನೇ ಎರಡು ಸಾಲು ಬರೆಯುತ್ತೇನೆ ಅಂದೆ. ಅಲ್ಲೇ ಕೂತು ಬರೆದು ಓದಿ ತೋರಿಸಿದೆ: ರಾತ್ರಿ ಪಾಳಿ, ಜೋರು ಮಳೆ, ಮಗುಚಿದ ಟ್ಯಾಂಕರ್‌ಗೆ ಬೇರೆ ಗಾಡಿ ಬಂದು ಬಡಿಯದಂತೆ ಹೆದ್ದಾರಿಯ ತಿರುವಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದಾಗ ಲಾರಿ ಬಡಿದು ಮೃತಪಟ್ಟರು.

ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅದಕ್ಕಿಂತ ಮೊದ್ಲು ಟ್ಯಾಂಕರ್ ಕ್ಲೀನರ್ ಹುಡುಗ ಒಳಗೆ ಸಿಕ್ಕಿಹಾಕಿಕೊಂಡಿದ್ನಲ್ಲ ಅಕ್ಕೋರೆ, ಅವ್ನನ್ನ ಎಳೆದು ತೆಗೆದಿದ್ರು ಇವ್ರು. ಆ ಹುಡುಗ ಬದುಕಿದ. ಅದನ್ನೂ ಬರೀರಿ."

ಇಷ್ಟು ವರ್ಷದಲ್ಲಿ ಇದನ್ನು ನನಗೂ ಹೇಳಿರಲಿಲ್ಲ. ಈಗ ಅದು ಮೊದಲ ಸಾಲು. ಮನವಿಗೆ ಅಕ್ಕನ ಸಹಿ ಆಗಿದೆ. ಅಂಕೋಲಾದಲ್ಲಿ, ಶಿರಸಿಯಲ್ಲಿ ಇರುವ ಇಂಥ ಇನ್ನೆರಡು ಮನೆಯವರ ಜೊತೆ ಫೋನಿನಲ್ಲಿ ಮಾತಾಡಿದ್ದೇವೆ. ಅವರೂ ತಮ್ಮ ತಮ್ಮ ಸಾಲು ಬರೆದು ಕಳಿಸುತ್ತೇನೆ ಅಂದಿದ್ದಾರೆ. ಎಲ್ಲ ಬಂದ ಕೂಡಲೇ ಕೊಂಡುಹೋಗಿ ಕೊಡುತ್ತೇವೆ. ಆ ಬಿಳಿ ಅಂಗಿಯ ಹಿರಿಯರನ್ನೂ ಜೊತೆಗೆ ಕರೆಯಬೇಕು ಅಂತಿದ್ದೇನೆ. ಅವರ ಮಾತಿಗೆ ಊರಲ್ಲಿ ಬೆಲೆ ಇದೆ. ಕೇಳಿದರೆ ಬಂದೇ ಬರುತ್ತಾರೆ.