ಪುರೋಹಿತರಿಲ್ಲದ ಮದುವೆ: ಮುಂಬೈ-ಪುಣೆಯ ಕನ್ನಡಿಗರು ಎಡವುವುದೆಲ್ಲಿ

‘ನನಗೆ ದೇವರು-ದಿಂಡರಲ್ಲಿ ನಂಬಿಕೆ ಇಲ್ಲ’ ಎಂದು ಇಪ್ಪತ್ತೈದರ ಹುಡುಗ ಹುಡುಗಿಯರು ಹೇಳುವುದು ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಈಗ ದೊಡ್ಡ ಸುದ್ದಿಯಲ್ಲ. ಅಮ್ಮ ಗೊಣಗುತ್ತಾಳೆ, ಚೌತಿಯ ಕಡುಬು ಮಾತ್ರ ಎಲ್ಲರಿಗೂ ಬೇಕು. ತೊಡಕು ಶುರುವಾಗುವುದು ಮದುವೆ ಮಾತು ಬಂದಾಗ.

ಇಂಥವರು ಎಷ್ಟು ಜನ ಎಂದು ಜನಗಣತಿಯಲ್ಲಿ ಹುಡುಕಿದರೆ ಸರಿಯಾದ ಉತ್ತರ ಸಿಗದು. ‘ಧರ್ಮ ತಿಳಿಸದವರು’ 2001ರಲ್ಲಿ ಸುಮಾರು 7.27 ಲಕ್ಷ ಇದ್ದರು, 2011ರಲ್ಲಿ 28.67 ಲಕ್ಷ. ಏರಿಕೆಯೇನೋ ಹೌದು, ಆದರೆ ಧರ್ಮ ತಿಳಿಸದವರೆಲ್ಲ ನಂಬದವರಲ್ಲ. ನಂಬದವರಲ್ಲಿ ಬಹಳಷ್ಟು ಮಂದಿಯ ಧರ್ಮವನ್ನು ಬಾಗಿಲಿಗೆ ಬಂದ ಗಣತಿದಾರರಿಗೆ ಅಪ್ಪನೇ ಹೇಳಿ ಕಳಿಸಿರುತ್ತಾರೆ!

ಮದುವೆಯ ವಿಷಯಕ್ಕೆ ಬರೋಣ. ‘ಮಂತ್ರ ಮಾಂಗಲ್ಯ ಮಾಡಿಕೊಂಡರಾಯಿತು’ ಎಂದು ಕನ್ನಡದ ಹುಡುಗರಿಗೆ ಮೊದಲು ಹೊಳೆಯುವುದು ಸಹಜ. 1966ರಲ್ಲಿ ತೇಜಸ್ವಿಯವರ ಮದುವೆಗೆ ಕುವೆಂಪು ರೂಪಿಸಿದ ಸರಳ ವಿಧಾನ ಅದು. (ಹೆಸರೇ ಹೇಳುವಂತೆ ಅದರಲ್ಲೂ ಮಂತ್ರವಿದೆ. ಕಟ್ಟಾ ನಾಸ್ತಿಕರಿಗೆ ಅದೂ ಹಿಡಿಸದು, ಇರಲಿ.) ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಕಾನೂನಿನ ಕಣ್ಣಲ್ಲಿ ಮದುವೆ ಅಳ್ಳಕ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಕೇಳುತ್ತದೆ. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಡುವ 7-ಎ ಕಲಂ ತಮಿಳುನಾಡು ಸೇರಿಸಿಕೊಂಡದ್ದು, ಮಹಾರಾಷ್ಟ್ರಕ್ಕೆ ಅದಿಲ್ಲ. ವಿಧಿಯೇ ನಡೆಯದಿದ್ದರೆ ಬರೀ ನೋಂದಣಿಯಿಂದ ಹಿಂದೂ ಮದುವೆ ಆಗುವುದಿಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಬೈ ಪಾಲಿಕೆಯ ವಾರ್ಡ್ ಆಫೀಸಿನ ನೋಂದಣಿಯೂ ಅಷ್ಟೆ. ಆಗಿಹೋದ ಮದುವೆಯನ್ನು ಅಲ್ಲಿ ಬರೆದುಕೊಳ್ಳುತ್ತಾರೆ, ಮದುವೆ ಮಾಡಿಸುವುದಿಲ್ಲ.

ಹಾಗಾಗಿ ಗಟ್ಟಿ ದಾರಿ ಒಂದೇ: 1954ರ ವಿಶೇಷ ವಿವಾಹ ಕಾಯ್ದೆ. 1872ರ ಹಳೆಯ ಕಾಯ್ದೆಯಡಿ ಮದುವೆಯಾಗುವವರು ಮೊದಮೊದಲು ‘ನಾನು ಹಿಂದೂ, ಮುಸ್ಲಿಂ, ಕ್ರೈಸ್ತ ಯಾವುದೂ ಅಲ್ಲ’ ಎಂದು ಬರೆದುಕೊಡಬೇಕಿತ್ತು. ಈಗ ಮದುವೆಯಾಗಲಿದ್ದೇವೆಂದು ವಿವಾಹಾಧಿಕಾರಿಗೆ ಮೊದಲೇ ನೋಟಿಸ್ ಕೊಡಬೇಕು, ಕಾಯ್ದೆಗೆ ಲಗತ್ತಾದ ಆ ನೋಟಿಸ್ ನಮೂನೆಯಲ್ಲಿ ಧರ್ಮದ ಕಾಲಂ ಇಲ್ಲವೇ ಇಲ್ಲ. ಹೆಸರು, ವಯಸ್ಸು, ಕಸುಬು, ಹಿಂದೆ ಮದುವೆಯಾಗಿತ್ತೇ, ಎಲ್ಲಿ ಎಷ್ಟು ದಿನದಿಂದ ವಾಸ, ಇಷ್ಟೇ.

ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಹಿಂದಿನ 30 ದಿನ ವಾಸವಿರಬೇಕು. ಮುಂಬೈ ನಗರ ಒಂದು ಜಿಲ್ಲೆ, ಉಪನಗರ ಇನ್ನೊಂದು. ಮಾಟುಂಗದ ವಿಳಾಸ ಇಟ್ಟುಕೊಂಡು ಉಪನಗರದ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಬಾಡಿಗೆ ಮನೆಯಾದರೆ ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಬೇಕು. ಬಿಳಿ ಹಾಳೆಯ ಮೇಲೆ ಮಾಲೀಕರ ಸಹಿ ಹಾಕಿಸಿಕೊಂಡು ಹೋಗಬೇಡಿ. ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಯ್ಯಿರಿ. ಕನ್ನಡದಲ್ಲಷ್ಟೇ ಇರುವ ಟಿ.ಸಿ.ಯನ್ನು ಅಲ್ಲಿಯ ಗುಮಾಸ್ತರು ಓದಲಾರರು. ವಿಚ್ಛೇದನವಾಗಿದ್ದರೆ ಡಿಕ್ರಿಯ ದೃಢೀಕೃತ ಪ್ರತಿ ಜೊತೆಗಿರಲಿ.

ದಿನದ ಲೆಕ್ಕದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಮದುವೆಗೆ ಯಾರಾದರೂ ಆಕ್ಷೇಪಣೆ ಸಲ್ಲಿಸಲು ಇರುವ 30 ದಿನ ಎಣಿಸುವುದು ನೋಟಿಸನ್ನು ಕಚೇರಿಯ ಫಲಕಕ್ಕೆ ಹಾಕಿದ ದಿನದಿಂದ. ಮದುವೆ ಮುಗಿಸಬೇಕಾದ 3 ತಿಂಗಳು ಎಣಿಸುವುದು ನೋಟಿಸ್ ಕೊಟ್ಟ ದಿನದಿಂದ. ಜನವರಿ 10ಕ್ಕೆ ಕೊಟ್ಟಿದ್ದು ಜನವರಿ 14ಕ್ಕೆ ಫಲಕ ಹತ್ತಿದರೆ, ಫೆಬ್ರವರಿ ಮಧ್ಯದಿಂದ ಏಪ್ರಿಲ್ 9-10ರವರೆಗೆ ನಿಮ್ಮ ಕಾಲ. ಅದು ದಾಟಿತೋ, ಹೊಸ ನೋಟಿಸ್, ಮತ್ತೆ 30 ದಿನ. ಹಾಲ್ ಬುಕ್ ಮಾಡುವ ಮೊದಲು ಕ್ಯಾಲೆಂಡರಿನಲ್ಲಿ ಎರಡೂ ದಿನ ಗುರುತು ಹಾಕಿ.

ಇನ್ನೊಂದು ಗುಂಡಿ ಊರಿನ ವಿಳಾಸದ್ದು. ಕಾಯಂ ವಿಳಾಸ ಉಡುಪಿಯದೋ ವಿಜಯಪುರದ್ದೋ ಇದ್ದರೆ ನೋಟಿಸಿನ ಪ್ರತಿ ಅಲ್ಲಿಯ ವಿವಾಹಾಧಿಕಾರಿಗೂ ಹೋಗಿ ಅಲ್ಲಿಯ ಫಲಕದಲ್ಲೂ ತೂಗುತ್ತದೆ. ಊರಲ್ಲಿ ಸುದ್ದಿ ಹರಡುವುದು ಹೀಗೆ. ಕಾಯಂ ವಿಳಾಸ ಸುಳ್ಳು ಬರೆದರೆ ಮುಂದೆ ನಿಮಗೇ ಉರುಳು. ಮನೆಯವರಿಗೆ ಗೊತ್ತಾಗಲಿದೆ ಎಂದುಕೊಂಡೇ ಹೊರಡಿ. ಗೊತ್ತಾದರೂ ‘ಜಾತಿ ಬೇರೆ’, ‘ನಮಗೆ ಒಪ್ಪಿಗೆ ಇಲ್ಲ’ ಎಂಬುದು ಆಕ್ಷೇಪಣೆ ಅಲ್ಲ. ವಯಸ್ಸು (ಹುಡುಗನಿಗೆ 21, ಹುಡುಗಿಗೆ 18), ಬದುಕಿರುವ ಗಂಡ ಅಥವಾ ಹೆಂಡತಿ, ಮಾನಸಿಕ ಅಸ್ವಸ್ಥತೆ, ನಿಷಿದ್ಧ ಸಂಬಂಧ, ಇಷ್ಟರ ಮೇಲಷ್ಟೇ ತಕರಾರು ನಿಲ್ಲುತ್ತದೆ.

ಆ ಕೊನೆಯದು ನಮ್ಮವರಿಗೆ ನಿಜವಾದ ಗೋಡೆ. ಅಕ್ಕನ ಮಗಳು, ಸೋದರತ್ತೆಯ ಮಗಳು, ಸೋದರಮಾವನ ಮಗಳು, ಮೂವರೂ ಈ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿದ್ದಾರೆ. ‘ನಮ್ಮಲ್ಲಿ ರೂಢಿಯಿದೆ’ ಎಂದರೆ ಸಾಲದು. ಆ ರೂಢಿಯನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿರಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಾದರೆ ಇಬ್ಬರಿಗೂ ಅನ್ವಯಿಸುವ ರೂಢಿ ಇದೆಯೆಂದು ತೋರಿಸಿದರೆ ಆಯಿತು. ಅಂದರೆ ಅತ್ತೆ ಮಗಳನ್ನು ಮೆಚ್ಚಿದ ನಾಸ್ತಿಕ ಧಾರೆಯೋ ಸಪ್ತಪದಿಯೋ ತನ್ನ ಮನೆತನದ ವಿಧಿ ಮಾಡಿಸಿಕೊಳ್ಳಲೇಬೇಕು. ನಂಬಿಕೆ ಬಿಟ್ಟರೂ ನೆಂಟಸ್ತಿಕೆ ಬಿಡುವುದಿಲ್ಲ ನೋಡಿ.

ಇಬ್ಬರಲ್ಲಿ ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತರೋ ಮುಸ್ಲಿಮರೋ ಆದರೆ ಆಸ್ತಿಯ ಲೆಕ್ಕ ಬದಲಾಗುತ್ತದೆ. ಹಿಂದೂ ಅವಿಭಕ್ತ ಕುಟುಂಬದಿಂದ ಆ ವ್ಯಕ್ತಿ ಬೇರೆಯಾದಂತೆ, ಉತ್ತರಾಧಿಕಾರ 1925ರ ಕಾಯ್ದೆಯ ಪ್ರಕಾರ. ಊರಲ್ಲಿ ಪಾಲಾಗದ ಜಮೀನಿದ್ದರೆ ನೋಟಿಸ್‌ಗೆ ಮುನ್ನ ವಕೀಲರ ಬಳಿ ಕೂತು ಮಾತಾಡಿ. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಾದರೆ 1976ರ ತಿದ್ದುಪಡಿಯಿಂದಾಗಿ ಈ ತಲೆನೋವಿಲ್ಲ.

ಮದುವೆಯ ದಿನ ಮೂವರು ಸಾಕ್ಷಿಗಳು ಗುರುತಿನ ಚೀಟಿಯೊಂದಿಗೆ ಬರಬೇಕು. ಇಬ್ಬರು ಬಂದು ಮೂರನೆಯವರು ಲೋಕಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಕೆಲಸ ನಿಂತಂತೆ. ನಾಲ್ವರನ್ನು ಕರೆಯಿರಿ. ಹೆಚ್ಚಿನ ಶುಲ್ಕ ಕಟ್ಟಿದರೆ ಅಧಿಕಾರಿ ಹತ್ತಿರದ ಹಾಲ್‌ಗೂ ಬರಬಹುದು. ‘ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ’ ಎಂಬ ಮಾತನ್ನು ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದು, ಕನ್ನಡದಲ್ಲೂ. ಬಾಯಿತಪ್ಪಿ ‘ಧರ್ಮಪತ್ನಿ’ ಎಂದು ನಗೆಪಾಟಲಾಗಬೇಡಿ.

ಸರ್ಟಿಫಿಕೇಟ್ ಕೈಗೆ ಬಂದಾಗ ಹೆಸರು ನೋಡಿ. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಬರೆಯುವುದು ಅಭ್ಯಾಸ. ನಮ್ಮಲ್ಲಿ ಹಲವರಿಗೆ ಇನಿಷಿಯಲ್ ಮಾತ್ರ. ‘ಕೆ.’ ಎನ್ನುವುದನ್ನು ಅವರು ಊರಿನ ಹೆಸರಾಗಿ ಹಿಗ್ಗಿಸಿ ಅಡ್ಡಹೆಸರು ಮಾಡಿಬಿಟ್ಟರೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಅಲೆದಾಟ ತಪ್ಪದು. ಪಾಸ್‌ಪೋರ್ಟ್ ಪ್ರತಿಯನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ಕೌಂಟರ್ ಬಿಟ್ಟು ಕದಲುವ ಮುನ್ನ.