ವಿಶ್ವ ಹುಟ್ಟಲು ದೇವರು ಬೇಕೇ ಬೇಕೇ?

ಖಗೋಳ ವಿಜ್ಞಾನದ ಬಗ್ಗೆ ಎಲ್ಲಿ ಮಾತನಾಡಿದರೂ ಕೊನೆಗೆ ಒಬ್ಬರಾದರೂ ಎದ್ದು ಕೇಳುತ್ತಾರೆ: "ಎಲ್ಲ ಸರಿ ಸರ್, ಆ ಮಹಾಸ್ಫೋಟ (ಬಿಗ್ ಬ್ಯಾಂಗ್) ಮಾಡಿಸಿದವರು ಯಾರು? ದೇವರಿಲ್ಲದೆ ಇಷ್ಟೆಲ್ಲ ತಾನಾಗಿ ಬಂತೇ?" ಕೇಳುವವರಲ್ಲಿ ಭಕ್ತರಿರುತ್ತಾರೆ. ದೇವರಿಲ್ಲವೆಂಬ ಮಾತು ನನ್ನ ಬಾಯಿಂದ ಬರಲೆಂದು ಕಾಯುವವರೂ ಇರುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ: ವಿಶ್ವದ ಹುಟ್ಟನ್ನು ವಿವರಿಸಲು ದೇವರು ಬೇಕೇ ಬೇಕು ಎನ್ನುವುದಕ್ಕೆ ಆಧಾರವಿಲ್ಲ. ಹಾಗೆಂದು ಭೌತವಿಜ್ಞಾನ ದೇವರನ್ನು ಅಲ್ಲಗಳೆದಿದೆ ಎನ್ನುವುದಕ್ಕೂ ಆಧಾರವಿಲ್ಲ.

ಮಹಾಸ್ಫೋಟ ಸಿದ್ಧಾಂತ ವಿಶ್ವ ಹೇಗೆ ಹುಟ್ಟಿತೆಂದು ಹೇಳುವುದೇ ಇಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ವಿಪರೀತ ಬಿಸಿಯಾಗಿ, ದಟ್ಟವಾಗಿ ಇತ್ತು; ಅಲ್ಲಿಂದ ಹಿಗ್ಗುತ್ತ, ತಣಿಯುತ್ತ ಬಂದಿದೆ. ಅದು ಹೇಳುವುದು ಇಷ್ಟೇ, ಆದರೆ ಇಷ್ಟನ್ನು ಬಹಳ ಗಟ್ಟಿಯಾಗಿ ಹೇಳುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ಹೀಲಿಯಂ ಆಗಿರಬೇಕೆಂದು ಲೆಕ್ಕ ಹಾಕಿದರೆ ಸಾಮಾನ್ಯ ದ್ರವ್ಯದ ಸುಮಾರು ಕಾಲು ಭಾಗ ಬರುತ್ತದೆ. ಅಳತೆಗೂ ಅಷ್ಟೇ ಸಿಕ್ಕಿದೆ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳ ರೇಡಿಯೊ ಆಂಟೆನಾಕ್ಕೆ ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಸಮನೆ ಸದ್ದು ಬರುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ಕೆರೆದು ತೆಗೆದರೂ ಅದು ನಿಲ್ಲಲಿಲ್ಲ. ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟ ಬೆಳಕೇ ಹಿಗ್ಗಿ ರೇಡಿಯೊ ಅಲೆಯಾಗಿ ಆ ಸದ್ದಾಗಿ ಕೇಳುತ್ತಿತ್ತು; ಅದು ಈಗ 2.7 ಕೆಲ್ವಿನ್‌ಗೆ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್) ತಣಿದಿದೆ.

ಅದಕ್ಕೂ ಬಹಳ ಹಿಂದೆ, ಮೊದಲ ಸೆಕೆಂಡಿನ ಅತಿ ಸಣ್ಣ ಅಂಶಕ್ಕೆ ಹೋದರೆ ಐನ್‌ಸ್ಟೈನರ ಗುರುತ್ವದ ಸಮೀಕರಣಗಳು ಕೈಚೆಲ್ಲುತ್ತವೆ. ಗುರುತ್ವವನ್ನೂ, ಅತಿ ಸಣ್ಣ ಕಣಗಳ ವರ್ತನೆಯನ್ನು ಹೇಳುವ ಕ್ವಾಂಟಂ ನಿಯಮಗಳನ್ನೂ ಒಂದುಗೂಡಿಸುವ, ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಕೈಗೆ ಬಂದಿಲ್ಲ. 'ಕ್ವಾಂಟಂ ಶೂನ್ಯದಿಂದ ಎಲ್ಲವೂ ತಾನೇ ಹುಟ್ಟಿತು, ಪ್ರಶ್ನೆ ಮುಗಿಯಿತು' ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಆ ಶೂನ್ಯದಲ್ಲಿ ಭೌತವಿಜ್ಞಾನದ ಕ್ಷೇತ್ರಗಳು (ಫೀಲ್ಡ್) ಇವೆ, ನಿಯಮಗಳಿವೆ. ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಈ ತಿಳಿಯದ ಜಾಗದಲ್ಲಿ ದೇವರನ್ನು ಕೂರಿಸುವ ಆತುರವನ್ನು ತಡೆದವರಲ್ಲಿ ಮೊದಲಿಗರು, ಮಹಾಸ್ಫೋಟದ ಕಲ್ಪನೆಗೆ ಅಡಿಪಾಯ ಹಾಕಿದ ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಈ ವಿಜ್ಞಾನಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. 1931ರಲ್ಲಿ 'ನೇಚರ್' ಪತ್ರಿಕೆಗೆ ವಿಶ್ವದ ಆದಿಯ ಬಗ್ಗೆ ಅವರು ಬರೆದ ಪುಟ್ಟ ಟಿಪ್ಪಣಿಯ ಟೈಪು ಮಾಡಿದ ಪ್ರತಿ ಉಳಿದಿದೆ. ಅದರ ಕೊನೆಯಲ್ಲಿ, ದೇವರು ಮೂಲತಃ ಮರೆಯಲ್ಲಿರುವವನೆಂದು ನಂಬುವವರಿಗೆ ಸೃಷ್ಟಿಯನ್ನು ಮರೆಮಾಡುವ ಪರದೆಯೊಂದನ್ನು ಭೌತವಿಜ್ಞಾನವೇ ಒದಗಿಸುತ್ತಿರುವುದು ಸಂತೋಷ ತಂದೀತು ಎಂಬ ಅರ್ಥದ ಪ್ಯಾರಾ ಇದೆ. ಅಚ್ಚಿಗೆ ಹೋಗುವ ಮೊದಲು ಅದನ್ನು ಹೊಡೆದುಹಾಕಲಾಗಿದೆ. 1951ರಲ್ಲಿ ಪೋಪ್ 12ನೇ ಪಯಸ್, ವಿಜ್ಞಾನವೇ ಸೃಷ್ಟಿಯ ಕ್ಷಣಕ್ಕೆ ಸಾಕ್ಷಿ ನುಡಿಯುತ್ತಿದೆ ಎಂಬಂತೆ ಭಾಷಣ ಮಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ ಎಂದು 1958ರಲ್ಲೂ ಹೇಳಿದರು. ನನಗೆ ಇವರ ಮೇಲೆ ಅಪಾರ ಗೌರವ. ತಮ್ಮ ನಂಬಿಕೆಗೆ ಅನುಕೂಲವಾಗುವ ಸಾಕ್ಷಿಯನ್ನು ಬೇಡವೆನ್ನಲು ಎಷ್ಟು ಪ್ರಾಮಾಣಿಕತೆ ಬೇಕು!

"ಮಡಕೆ ಇದ್ದರೆ ಕುಂಬಾರ ಇರಲೇಬೇಕಲ್ಲ?" ಎಂಬ ಮಾತು ಮುಂದೆ ಬಂದೇ ಬರುತ್ತದೆ. ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ಹಳೆಯ ವಾದ ಇದು. ಇದಕ್ಕೆ ಉತ್ತರವೂ ನಮ್ಮಲ್ಲಿ ಅಷ್ಟೇ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಕೇಳಿದರು: ಲೋಕ ಮಾಡಲು ದ್ರವ್ಯ ಬೇಕು, ಆ ದ್ರವ್ಯವನ್ನು ಮಾಡಿದ್ದು ಯಾವುದರಿಂದ? ಅದು ತಾನಾಗಿ ಇತ್ತು ಎನ್ನುವುದಾದರೆ ಲೋಕವೇ ತಾನಾಗಿ ಏಕಿರಬಾರದು?

ಜಿನಸೇನರು ಜೈನರು, ಸೃಷ್ಟಿಕರ್ತನನ್ನು ಒಪ್ಪದವರು ಎಂದು ಭಕ್ತರು ಪಕ್ಕಕ್ಕಿಡಬಹುದು. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಯನ್ನು ಕಟ್ಟಿ ನಿಲ್ಲಿಸಿದ ರಾಮಾನುಜಾಚಾರ್ಯರನ್ನು ಏನು ಮಾಡುವುದು? ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ ಅವರು ಇದೇ ಕುಂಬಾರನ ವಾದವನ್ನು ಬಿಡಿಸಿ ಬಿಡಿಸಿ ಖಂಡಿಸುತ್ತಾರೆ. ಭೂಮಿ, ಸಮುದ್ರಗಳನ್ನು ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದನೆನ್ನಲು ಪ್ರಮಾಣವೇನು? ಕುಂಬಾರನಿಗೆ ದೇಹವಿದೆ, ಅವನ ಶಕ್ತಿಗೆ ಮಿತಿಯಿದೆ. ಅವನನ್ನು ನೋಡಿ ಊಹಿಸಿದ ದೇವರೂ ಹಾಗೇ ಆಗಬೇಕಲ್ಲವೇ? ದೇವರನ್ನು ತಿಳಿಯುವುದು ಶಾಸ್ತ್ರದಿಂದ, ಇಂಥ ತರ್ಕದ ಊಹೆಯಿಂದಲ್ಲ ಎಂಬುದು ಅವರ ನಿಲುವು. ದ್ವೈತದ ಮಧ್ವಾಚಾರ್ಯರೂ ನಾರಾಯಣನನ್ನು 'ಸದಾಗಮೈಕವಿಜ್ಞೇಯ' ಎಂದೇ ವಂದಿಸಿದ್ದಾರೆ: ಸದಾಗಮಗಳಿಂದ, ಅಂದರೆ ವೇದಾದಿ ಶಾಸ್ತ್ರಗಳಿಂದ, ಮಾತ್ರ ತಿಳಿಯಬಹುದಾದವನು. ಇಷ್ಟು ದೊಡ್ಡ ಭಕ್ತರೇ ಬೇಡವೆಂದ ವಾದವನ್ನು ದೂರದರ್ಶಕದ ಮುಂದೆ ತಂದು ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಇಂದು ಹೀಗೆ ದೇವರಿಗೆ ಕೊಟ್ಟ ಜಾಗ ನಾಳೆ ಒಂದು ಸಮೀಕರಣಕ್ಕೆ ಸೇರಿದರೆ, ಪೆಟ್ಟು ಬೀಳುವುದು ನಂಬಿದವರಿಗೇ.

"ಹಾಗಾದರೆ ನೀವು ನಂಬುತ್ತೀರೋ ಇಲ್ಲವೋ?" ಎಂದೂ ಕೇಳುತ್ತಾರೆ. ನಾನು ನಂಬುವುದಿಲ್ಲ. ಆದರೆ ಆ ತೀರ್ಮಾನಕ್ಕೆ ನಾನು ಬಂದದ್ದು ತಪ್ಪೇ ಮಾಡದ ಮಕ್ಕಳು ರೋಗದಿಂದ ನರಳುವುದನ್ನು ನೋಡಿ. ವಿಶ್ವದ ಮೊದಲ ಕ್ಷಣದ ಲೆಕ್ಕದಿಂದಲ್ಲ. ನನ್ನ ಆ ತೀರ್ಮಾನದ ಬಗ್ಗೆ ಯಾರು ವಾದಕ್ಕೆ ಬಂದರೂ ಕೂತು ಮಾತನಾಡಲು ನಾನು ಸಿದ್ಧ.